ಚೈತನ್ಯನ ದೋಣಿಗೆ ಭವಿತ್‌ನ ಬೀಗ

ದೋಣಿಯ ಆಸೆ ಮೊದಲು ಹುಟ್ಟಿದ್ದು ಭವಿತ್‌ಗೆ. ಚೈತನ್ಯ ನೀರು ಕಂಡರೆ ಅಳುತ್ತಿದ್ದ ಕಾಲದಲ್ಲಿ ಅವನ ಸೊಂಟಕ್ಕೆ ಹಗ್ಗ ಕಟ್ಟಿ ಈಜು ಕಲಿಸಿದವನು ಭವಿತ್. ಗಾಳಕ್ಕೆ ಎರೆಹುಳ ಚುಚ್ಚುವುದನ್ನು ತೋರಿಸಿದವನೂ ಅವನೇ, ದೊಡ್ಡವರಾದ ಮೇಲೆ ನಮ್ಮದೇ ದೋಣಿ ಮಾಡೋಣ ಎಂದವನೂ ಅವನೇ. ಆದರೆ ದೋಣಿ ಬಂದು ನಿಂತದ್ದು ಚೈತನ್ಯನ ಅಂಗಳದಲ್ಲಿ. ಬೆಳ್ಳಗಿನ ಪುಟ್ಟ ಫೈಬರ್ ದೋಣಿ, ಅದನ್ನು ಜೀಪಿನ ಹಿಂದೆ ಕಟ್ಟಿ ಎಳೆಯಲು ಎರಡು ಚಕ್ರದ ಟ್ರೇಲರ್. ಚೈತನ್ಯ ಭವಿತ್‌ನ ದೊಡ್ಡಪ್ಪನ ಮಗ. ತಿಥಿಗೆ ಸೇರಿದರೂ ನಾಮಕರಣಕ್ಕೆ ಸೇರಿದರೂ ನೆಂಟರು ಈಗ ಅವನನ್ನು ಕೇಳುವುದು ದೋಣಿಯ ಸುದ್ದಿಯನ್ನೇ. ಪಾಲಿಬೆಟ್ಟದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಭವಿತ್‌ನನ್ನು ಕೇಳುವುದು, ಈ ಸಲ ಮೆಣಸು ಹೇಗೆ ಅಂತ.

ಇದನ್ನೆಲ್ಲ ಅವನು ನುಂಗಿಕೊಂಡಿದ್ದ. ನುಂಗಲಾಗದ್ದು ಇನ್ನೊಂದು. ಅವನ ಹೆಂಡತಿ ಯಮುನ ಆ ದೋಣಿಯಲ್ಲಿ ಕೂತು ತೆಗೆಸಿಕೊಂಡ ಫೋಟೋವನ್ನು ತನ್ನ ವಾಟ್ಸಾಪ್ ಡಿಪಿಗೆ ಹಾಕಿದ್ದಳು. ಭವಿತ್ ತೆಗೆದ ಯಾವ ಫೋಟೋದಲ್ಲೂ ಅವಳು ಅಷ್ಟು ಬಾಯಿ ತುಂಬ ನಕ್ಕಿರಲಿಲ್ಲ. ಅವಳ ಫೋನ್ ಬಂದಾಗಲೆಲ್ಲ ಆ ನಗು, ಆ ದೋಣಿ. ಅವನ ಹೊಟ್ಟೆ ಧಗಧಗ ಉರಿಯಿತು. ದೋಣಿ ತನಗೆ ಬೇಕೆಂದಲ್ಲ, ಚೈತನ್ಯನ ಹತ್ತಿರ ಅದು ಇರಬಾರದು, ಅಷ್ಟೇ.

ದಾರಿ ತೋರಿಸಿದವನು ಚೈತನ್ಯನೇ. ಅಮ್ಮತ್ತಿಯಲ್ಲಿ ಸೋದರತ್ತೆಯ ಮಗಳ ಮದುವೆ ಇತ್ತು. ಅದನ್ನು ಮುಗಿಸಿ, ಹಾಗೆಯೇ ಮಾಕುಟ್ಟದ ಘಾಟಿ ಇಳಿದು ಕೇರಳದ ಹಿನ್ನೀರಿಗೆ ಮೀನು ಹಿಡಿಯಲು ಹೋಗುವ ಯೋಚನೆ ಅವನದು. ದಾರಿಯಲ್ಲಿ ಯಾರಾದರೂ ದೋಣಿಯನ್ನು ಟ್ರೇಲರ್ ಸಮೇತ ಎಳೆದುಕೊಂಡು ಹೋದರೆ ಎಂಬ ಭಯಕ್ಕೆ ನಿದ್ದೆ ಬರುತ್ತಿಲ್ಲ ಎಂದು ಹೇಳಿಕೊಂಡು ಬಂದ. 'ನೀನೇ ಏನಾದ್ರು ಮಾಡು ಭವಿತಣ್ಣ' ಎಂದ.

ಭವಿತಣ್ಣ ಮಾಡಿದ. ಮಡಿಕೇರಿಯಿಂದ ತಾನೇ ಬೀಗಗಳನ್ನು ತಂದ. ಒಂದು ಟ್ರೇಲರಿನ ಮೂತಿಗೆ, ಅಂದರೆ ಜೀಪಿನ ಕೊಂಡಿಗೆ ಸಿಕ್ಕಿಸುವ ತುದಿಗೆ. ಇನ್ನೊಂದು ಚಕ್ರದ ಸರಪಳಿಗೆ. ದೋಣಿ ಎಲ್ಲಿದೆಯೆಂದು ಫೋನಿಗೆ ತಿಳಿಸುವ ಟ್ರ್ಯಾಕರನ್ನು ತನ್ನ ಕೈಯಾರೆ ಸೀಟಿನ ಅಡಿಗೆ ಅಂಟಿಸಿದ. ಎಂಜಿನ್ ಬಿಚ್ಚಿ ಜೀಪಿನೊಳಗಿಡು, ಮೇಲೆ ಟಾರ್ಪಾಲು ಕಟ್ಟು, ದೋಣಿಯ ಫೋಟೋ ಹಾಕಿ ಎಲ್ಲಿಗೆ ಹೊರಟೆ ಅಂತ ಊರಿಗೆಲ್ಲ ಸಾರಬೇಡ ಎಂದು ಬುದ್ಧಿಯನ್ನೂ ಹೇಳಿದ. ಒಂದೊಂದು ಬೀಗಕ್ಕೂ ಬಂದಿದ್ದ ಹೆಚ್ಚಿನ ಕೀಲಿ ಅವನ ಜೇಬಿನಲ್ಲಿ ಉಳಿಯಿತು.

ಚೈತನ್ಯನ ತಾಯಿ ಪೂವಮ್ಮನಿಗೆ ಮಾತ್ರ ಬೀಗದಿಂದ ಸಮಾಧಾನವಾಗಲಿಲ್ಲ. ಇಷ್ಟು ಜನರ ಕಣ್ಣು ಬಿದ್ದಿದೆ, ದೋಣಿಯ ಮುಂಭಾಗಕ್ಕೆ ಒಂದು ದೃಷ್ಟಿಬೊಟ್ಟು ಇಡುತ್ತೇನೆ ಎಂದು ಹರಳೆಣ್ಣೆ ಕಾಡಿಗೆಯ ಡಬ್ಬಿ ಹಿಡಿದು ಬಂದರು. ಬಿಳಿ ಬಣ್ಣ ಕೆಡುತ್ತದೆ ಎಂದು ಚೈತನ್ಯ ಬಿಡಲಿಲ್ಲ. 'ಬೀಗ ಇರುವಾಗ ಬೊಟ್ಟು ಯಾಕೆ ದೊಡ್ಡಮ್ಮ?' ಎಂದು ಭವಿತ್ ನಕ್ಕ, ಎಲ್ಲರೂ ನಕ್ಕರು. ಪೂವಮ್ಮ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು.

ಮದುವೆಯ ದಿನ ಟ್ರೇಲರ್ ಎಲ್ಲಿ ನಿಲ್ಲಬೇಕೆಂದು ತೋರಿಸಿದವನೂ ಭವಿತ್. ಮಂಟಪದ ಹಿಂದೆ, ಸೌದೆ ರಾಶಿಯ ಪಕ್ಕ, ಮೂತಿ ರಸ್ತೆಯ ಕಡೆಗೆ. ನೆಂಟರನ್ನು ಕರೆತರಲು ಜೀಪು ಬೇಕಾಗುತ್ತದೆಂದು ಚೈತನ್ಯ ಟ್ರೇಲರನ್ನು ಕಳಚಿಟ್ಟ. ಬೀಗಗಳನ್ನು ಭವಿತ್ ಎಲ್ಲರೆದುರು ಹಾಕಿ, ಜಗ್ಗಿ ತೋರಿಸಿದ. ಇದೂ ಲೆಕ್ಕಾಚಾರವೇ. ನಾಳೆ ಪೊಲೀಸರು ಬೆರಳಚ್ಚು ಹುಡುಕಿದರೆ ಅವನದು ಅಲ್ಲಿ ಇರಲೇಬೇಕು, ಆದ್ದರಿಂದ ಕೈಗವಸಿನ ತಲೆನೋವಿಲ್ಲ.

ಮೊದಲ ಪಂಕ್ತಿಗೆ ಅವನೇ ಹಂದಿಮಾಂಸದ ಪಂದಿಕರಿ ಬಡಿಸಿದ. ಬಡಿಸುವವನನ್ನು ಊರೆಲ್ಲ ನೋಡುತ್ತದೆ, ನಡುವೆ ಕಾಣದಿದ್ದರೆ ಅಡುಗೆಮನೆಯಲ್ಲಿ ಇರಬೇಕು ಎಂದುಕೊಳ್ಳುತ್ತದೆ. ಎರಡನೆಯ ಪಂಕ್ತಿ ಕೂತು ವಾಲಗ ಜೋರಾದಾಗ ಅವನು ಹಿಂದಿನ ಬಾಗಿಲಿನಿಂದ ಹೊರಬಿದ್ದ. ಬೀಗಗಳು ಸದ್ದಿಲ್ಲದೆ ತೆರೆದುಕೊಂಡವು. ಬಲಗೈಯಲ್ಲಿ ತಾನು ಮದುವೆಗೆ ತಂದಿದ್ದ ಎಸ್ಟೇಟ್ ಜೀಪಿನ ಕೊಂಡಿ ಹಿಡಿದು, ಎಡಗೈಯನ್ನು ಟ್ರೇಲರಿನ ಮೂತಿಯ ಅಡಿಗೆ ಕೊಟ್ಟು ಎತ್ತಿ ಕೂರಿಸಿದ. ಟಾರ್ಪಾಲಿನ ಮೇಲೆ ಖಾಲಿ ಕಾಫಿ ಚೀಲಗಳನ್ನು ಹರಡಿದ. ಎಸ್ಟೇಟ್ ಜೀಪು ಚೀಲ ಎಳೆದುಕೊಂಡು ಹೋಗುವುದನ್ನು ಆ ರಸ್ತೆಯಲ್ಲಿ ಯಾರು ತಲೆಯೆತ್ತಿ ನೋಡುತ್ತಾರೆ? ಪೇಟೆ ದಾಟುವ ಮೊದಲು, ಹೋಟೆಲಿನ ಮುಂದೆ ನಿಂತಿದ್ದ, ಕಣ್ಣೂರಿಗೆ ಮರಳುವ ಖಾಲಿ ತರಕಾರಿ ಲಾರಿಯೊಳಗೆ, ಸೀಟಿನ ಅಡಿಯಿಂದ ಕಿತ್ತಿದ್ದ ಟ್ರ್ಯಾಕರನ್ನು ಎಸೆದ. ಇನ್ನು ಫೋನು ತೋರಿಸುವುದು ಮಾಕುಟ್ಟದ ದಾರಿಯನ್ನೇ, ಹುಡುಕುವವರು ಓಡುವುದೂ ಆ ಕಡೆಗೇ.

ಪಾಲಿಬೆಟ್ಟದ ದಾರಿಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ, ಎಸ್ಟೇಟಿನ ಹಳೆಯ ಪಲ್ಪರ್ ಶೆಡ್ ಇದೆ. ಹಣ್ಣು ಕೊಯ್ಯುವ ಪಿಕ್ಕಿಂಗ್ ಮುಗಿದ ಮೇಲೆ ಅಲ್ಲಿಗೆ ನಾಯಿಯೂ ಹೋಗುವುದಿಲ್ಲ, ಬಾಗಿಲ ಕೀಲಿ ಇರುವುದು ರೈಟರ್ ಕೈಯಲ್ಲಿ. ದೋಣಿಯನ್ನು ಒಳಗೆ ನೂಕಿ ಅವನು ಒಂದು ಗಳಿಗೆ ನಿಂತ. ಸೆಕೆಗೆ ಮುಖವೆಲ್ಲ ಬೆವರಿತ್ತು, ಎಡಗೈಯಿಂದ ಒರೆಸಿಕೊಂಡ. ಇಲ್ಲೇ ಕೊಳೆಯುತ್ತಿರು, ಮಹಾರಾಣಿ ಎಂದ ದೋಣಿಗೆ. ಅಂಗೈಗೆ ಗ್ರೀಸ್ ಮೆತ್ತಿದ್ದು ಆಮೇಲೆ ಕಣ್ಣಿಗೆ ಬಿತ್ತು. ಚೀಲಕ್ಕೆ ತಿಕ್ಕಿ, ನಲ್ಲಿಯಲ್ಲಿ ತೊಳೆದು ಹೊರಟ.

ಮೂರನೆಯ ಪಂಕ್ತಿಗೆ ಅವನು ಎಲೆಯ ಮುಂದೆ ಕೂತಿದ್ದ. ಎದುರಿಗಿದ್ದ ಮಕ್ಕಳು ಅವನನ್ನು ನೋಡಿ ಕಿಸಿಕಿಸಿ ನಕ್ಕವು, ಅವನೂ ನಕ್ಕ. ಬಡಿಸುತ್ತ ಬಂದ ನಾಣಯ್ಯ ಮಾವ, 'ಏನೋ ಭವಿತ, ಇವತ್ತು ನೀನೇ ಮದುಮಗನ ಹಾಗೆ ಕಾಣ್ತೀಯಲ್ಲ' ಎಂದರು. ಎಷ್ಟೋ ಕಾಲದ ಮೇಲೆ ನೆಂಟರ ಬಾಯಲ್ಲಿ ಅವನ ಬಗ್ಗೆ ಒಂದು ಒಳ್ಳೆಯ ಮಾತು. ಭವಿತ್‌ಗೆ ಹಿತವಾಯಿತು. ಪಾಯಸ ಎರಡು ಸಲ ಹಾಕಿಸಿಕೊಂಡ.

ಕೂಗು ಎದ್ದದ್ದು ಆಗ. ಭವಿತ್ ಎಲ್ಲರಿಗಿಂತ ಮುಂದೆ ಓಡಿದ. ಸರಪಳಿ ಬಿದ್ದ ಜಾಗದಲ್ಲಿ ಕುಕ್ಕರಿಸಿ ಕೂತ ಚೈತನ್ಯನ ಹೆಗಲ ಮೇಲೆ ಕೈಯಿಟ್ಟ. ಫೋನ್ ನೋಡು, ಘಾಟಿಯ ಕಡೆಗೇ ಹೋಗಿದ್ದಾರೆ, ಮಾಕುಟ್ಟದ ಚೆಕ್‌ಪೋಸ್ಟಿಗೆ ಹೇಳಿ ನಿಲ್ಲಿಸೋಣ, ನಾನೇ ಬರುತ್ತೇನೆ ನಡೆ ಎಂದ. ಅಳುತ್ತಿದ್ದ ಯಮುನ ತಲೆಯೆತ್ತಿ ಗಂಡನನ್ನು ಮೆಚ್ಚುಗೆಯಿಂದ ನೋಡಿದಳು. ಇದಕ್ಕಿಂತ ಹೆಚ್ಚಿನದೇನೂ ಅವನಿಗೆ ಬೇಕಿರಲಿಲ್ಲ.

ಜನರ ನಡುವೆ ದಾರಿ ಮಾಡಿಕೊಂಡು ಪೂವಮ್ಮ ಅವನೆದುರು ಬಂದು ನಿಂತರು. ಗದ್ದ ಹಿಡಿದು, ಮಗುವಿನ ಮುಖ ತಿರುಗಿಸುವ ಹಾಗೆ ಅವನ ಮುಖವನ್ನು ಬೆಳಕಿಗೆ ತಿರುಗಿಸಿದರು. ಎಡಗೆನ್ನೆಯನ್ನು ಹೆಬ್ಬೆರಳಿನಿಂದ ಒತ್ತಿ ಒರೆಸಿ, ಬೆರಳನ್ನು ಮೂಗಿನ ಹತ್ತಿರ ಹಿಡಿದರು. ಹರಳೆಣ್ಣೆಯ ವಾಸನೆ ಭವಿತ್‌ಗೂ ಬಂತು. 'ಮುಹೂರ್ತಕ್ಕೆ ನೀವೆಲ್ಲ ಒಳಗೆ ಹೋದ ಮೇಲೆ ನಾನ್ ಕದ್ದು ಬಂದ್ ಬೊಟ್ಟು ಇಟ್ಟದ್' ಎಂದರು, ದನಿ ಏರಿಸದೆ. 'ಬಿಳಿ ಬಣ್ಣ ಹಾಳಾಗ್ತದೆ ಅಂತ ಚೈತನ್ಯ ಬೈತಾನೆ ಅಂತೇಳಿ, ಯಾರಿಗೂ ಕಾಣದ ಹಾಗೆ ಟ್ರೇಲರಿನ ಮೂತಿಯ ಅಡಿಗೆ ಇಟ್ಟದ್. ಅದ್ ನಿನ್ನ ಕೆನ್ನೆಗೆ ಹೆಂಗೆ ಬಂತ್ ಭವಿತ?'