ಅಳಿಸಿಹೋದ ಮೂರು ಗೀಟು

"ಕೈ ತೆಗೀರಿ! ನಾನು ಮೊದಲು ಹಿಡಿದಿದ್ದು!"

ಅವಳ ದನಿಗೆ ಸುತ್ತಲಿನ ನಾಲ್ಕು ಜನ ತಿರುಗಿ ನೋಡಿದರು.

ಭಾನುವಾರದ ಹಳೇ ಸಾಮಾನಿನ ಸಂತೆ. ನೆಲಕ್ಕೆ ಹಾಸಿದ ಟಾರ್ಪಾಲಿನ ತುಂಬ ತುಕ್ಕು ಹಿಡಿದ ಚೈನು, ಒಡೆದ ಹೆಡ್‌ಲೈಟು, ಬೆಂಡಾದ ಹ್ಯಾಂಡಲ್ಲು. ಅವುಗಳ ನಡುವೆ ಒಂದೇ ಒಂದು ಕಾರ್ಬುರೇಟರ್! ಅದರ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಎಣ್ಣೆ ಮೆತ್ತಿದ ಬೆರಳುಗಳಲ್ಲಿ.

"ಹಿಡ್ಕೊಳ್ಳಿ, ಯಾರು ಬೇಡ ಅಂದ್ರು?" ಎಂದ ಆ ಬೆರಳುಗಳ ಒಡೆಯ. "ಆದ್ರೆ ಇದರ ಮುಖ ಸೊಟ್ಟಗಾಗಿದೆ ನೋಡಿ. ಇಂಜಿನ್ ಮೇಲೆ ಸರಿಯಾಗಿ ಕೂರಲ್ಲ, ಸಂದೀಲಿ ಗಾಳಿ ಎಳೆಯುತ್ತೆ."

"ಹೀಗೇ ಹೆದರಿಸಿ ಆಮೇಲೆ ತಾವೇ ಹೊಡ್ಕೊಂಡು ಹೋಗೋದು!"

ಅವನು ಫಕ್ಕನೆ ನಕ್ಕು ಕೈಬಿಟ್ಟ. "ಹಿಂದಿನ ಬೀದೀಲಿ ನನ್ನ ಲೇತ್ ಅಂಗಡಿ. ಸೊಟ್ಟ ಸರಿ ಮಾಡಿಸ್ಬೇಕು ಅನ್ನಿಸಿದ್ರೆ ಬನ್ನಿ."

ಎಲ್ಲರೂ 'ಗುಜರಿ ಮಾವ' ಎಂದು ಕರೆಯುವ ಮುದುಕ ದುಡ್ಡು ಜೇಬಿಗಿಳಿಸುತ್ತ ಮೆಲ್ಲಗೆ ಹೇಳಿದ. "ಅವನು ಹೇಳಿದ್ದು ನಿಜ ಕಣಮ್ಮ, ಅದಕ್ಕೇ ಅರ್ಧ ರೇಟಿಗೆ ಕೊಟ್ಟೆ. ಆದ್ರೆ ರಿಪೇರಿಗೆ ಯಾರಿಗೇ ಕೊಡು, ಕಾಣದ ಜಾಗದಲ್ಲಿ ಒಂದು ಗುರುತು ಗೀಚಿಟ್ಟು ಕೊಡು. ಅಸಲಿ ಇಟ್ಕೊಂಡು ನಕಲಿ ಕೈಗಿಡೋರೇ ಜಾಸ್ತಿ!"

ಅವಳು ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಹಾಕಿಕೊಳ್ಳದೆ ಇನ್ನೇನು ಮಾಡಿಯಾಳು? ಅವಳು ರಿಪೇರಿ ಮಾಡಿಸಲು ಹೊರಟಿದ್ದ ಮೋಟಾರ್ ಸೈಕಲ್ ಅವಳ ಅಮ್ಮನದು. ಅಮ್ಮ ಹೆರಿಗೆ ನರ್ಸು. ಹಿಂದಿನ ಸೀಟಿಗೆ ಔಷಧಿ ಪೆಟ್ಟಿಗೆ ಬಿಗಿದು ಊರೆಲ್ಲ ಸುತ್ತಿದವಳು. ಅಮ್ಮ ಹೋಗಿ ನಾಲ್ಕು ವರ್ಷ. ಗಾಡಿಯೂ ಅಂದಿನಿಂದ ನಿಂತೇ ಇತ್ತು, ಅದರ ಕಾರ್ಬುರೇಟರ್ ಕೆಟ್ಟುಹೋಗಿತ್ತು. ಅದನ್ನು ತಯಾರಿಸುತ್ತಿದ್ದ ಕಾರ್ಖಾನೆ ಯಾವಾಗಲೋ ಮುಚ್ಚಿಹೋಗಿತ್ತು. ಹಳೇ ಗಾಡಿ ಶೋಕಿಯವರ ಹತ್ತಿರ ಒಂದು ಕಾರ್ಬುರೇಟರಿಗೆ ಅವಳ ಎರಡು ತಿಂಗಳ ಸಂಬಳ!

ಈಗ ಸಾರಿಗೆ ಕಚೇರಿಯಿಂದ ಕಾಗದ ಬಂದಿತ್ತು. ಶುಕ್ರವಾರ ನಾಲ್ಕು ಗಂಟೆಯೊಳಗೆ ಗಾಡಿ ಚಾಲೂ ಮಾಡಿ ತೋರಿಸಬೇಕು. ಇಲ್ಲದಿದ್ದರೆ ನೋಂದಣಿ ರದ್ದು... ಅಮ್ಮನ ಗಾಡಿ ಗುಜರಿಗೆ!

ಸೋಮವಾರ ಬೆಳಿಗ್ಗೆ ಗುಂಡುಸೂಜಿಯಿಂದ ಕಾರ್ಬುರೇಟರಿನ ಚಪ್ಪಟೆ ಮುಖದ ಮೇಲೆ ಮೂರು ಸಣ್ಣ ಗೀಟು ಎಳೆದಳು. ಇಂಜಿನ್‌ಗೆ ಅಂಟಿ ಕೂರುವ ಮುಖ ಅದು. ಅದಕ್ಕಿಂತ ಗುಟ್ಟಿನ ಜಾಗ ಯಾವುದಿದೆ?

ಲೇತಿನವನು ಅದನ್ನು ತಿರುಗಿಸಿ, ಮಗುಚಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ. "ಬುಧವಾರ ಬನ್ನಿ."

ಅವಳು ಮಂಗಳವಾರವೇ ಹೋದಳು. "ಸುಮ್ನೆ, ಈ ಕಡೆ ಬಂದಿದ್ದೆ..."

ಅವನು ನಗಲಿಲ್ಲ. ಸ್ಟೂಲಿನ ಮೇಲಿನ ಕಬ್ಬಿಣದ ಪುಡಿ ಒರೆಸಿ ಕೂರಿಸಿದ. ಗಾಡಿಯ ಬಗ್ಗೆ ಕೇಳಿದ, ಆಮೇಲೆ ಅಮ್ಮನ ಬಗ್ಗೆ ಕೇಳಿದ. ಅವಳು ಒಂದು ಗಂಟೆ ಮಾತಾಡಿದಳು!

'ಇಷ್ಟು ದಿನ ಯಾರ ಹತ್ರಾನೂ ಹೇಳದೇ ಇದ್ದದ್ದನ್ನ ಇವರ ಹತ್ರ ಯಾಕೆ ಹೇಳ್ಕೊಂಡೆ?'

ಮನೆಯಲ್ಲಿ ಅಜ್ಜಿ ಅವಳ ಮುಖ ನೋಡಿಯೇ ಕೇಳಿದಳು. "ರಿಪೇರಿ ಆಗ್ತಿರೋದು ಗಾಡಿನೋ, ನೀನೋ?"

"ಹೋಗಜ್ಜಿ!"

ಬುಧವಾರ ಅವನು ಕಾರ್ಬುರೇಟರ್ ಕೈಗಿಟ್ಟಾಗ ಅವಳು ಮೊದಲು ಮಾಡಿದ ಕೆಲಸ ಅದನ್ನು ತಿರುಗಿಸಿ ನೋಡಿದ್ದು.

ಚಪ್ಪಟೆ ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. ಗೀಟು... ಇಲ್ಲ! ಒಂದೂ ಇಲ್ಲ!

ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು.

"ಇದು ನನ್ನದಲ್ಲ."

"ನಿಮ್ಮದೇ ಕಣ್ರೀ."

"ಸುಳ್ಳು! ನಾನು ಗುರುತು ಹಾಕಿದ್ದೆ."

"ಎಲ್ಲಿ ಹಾಕಿದ್ರಿ? ತೋರಿಸಿ."

"ಅದನ್ನ ಹೇಳಿದ್ರೆ ಒಳಗೆ ಹೋಗಿ ಗೀಚ್ಕೊಂಡು ಬರ್ತೀರಿ! ಗೊತ್ತು ನನಗೆ... ಅಮ್ಮನ ಕಥೆ ಎಲ್ಲ ಕೇಳಿ, ಕೊನೆಗೆ ಇದಾ? ಕಳ್ಳ!"

ಬಾಗಿಲಲ್ಲಿ ಕಾಯುತ್ತಿದ್ದ ಎದುರು ಗ್ಯಾರೇಜಿನವನು ತಾನು ಕೊಟ್ಟಿದ್ದ ಇಂಜಿನ್ ತುಂಡನ್ನು ಸದ್ದಿಲ್ಲದೆ ಎತ್ತಿಕೊಂಡು ಹೊರಟುಬಿಟ್ಟ. ಲೇತಿನವನು ಯಂತ್ರದ ಸ್ವಿಚ್ಚು ಆರಿಸಿದ, ಅಷ್ಟೇ. ಅವಳು ಕಾರ್ಬುರೇಟರನ್ನು ಚೀಲಕ್ಕೆ ತುರುಕಿಕೊಂಡು ಹೊರಟುಹೋದಳು.

ಗುರುವಾರ ಅವಳು ಅದನ್ನೇ ಗಾಡಿಗೆ ಕೂರಿಸಿದಳು. ಬೇರೆ ದಾರಿ ಇರಲಿಲ್ಲ. ಇಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.

"ನಕಲಿ ಮಾಲು ಇನ್ನೇನು ಮಾಡುತ್ತೆ!" ಎಂದು ಅತ್ತಳು. ಅಳು ಗಾಡಿಗೋ, ಅವನಿಗೋ? ಅವಳಿಗೇ ತಿಳಿಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಎರಡು ಗಂಟೆ. ಅವಳು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ, ಮಸೂರಗಳನ್ನು ಫ್ರೇಮಿನ ಅಳತೆಗೆ ಉಜ್ಜುವ ಕೆಲಸ. ಎಂದಿನಂತೆ ಗಾಜಿನ ಅಂಚಿಗೆ ಒಂದು ಗೀಟು ಹಾಕಿ ತಿರುಗುವ ಕಲ್ಲಿಗೆ ಹಿಡಿದಳು. ಬಿಳಿ ಪುಡಿ ಹಾರಿತು. ತೆಗೆದು ನೋಡಿದರೆ ಗೀಟು ಮಾಯ!

ಅವಳ ಕೈ ಗಾಳಿಯಲ್ಲೇ ನಿಂತಿತು.

'ಸೊಟ್ಟ ಮುಖ ಸರಿ ಮಾಡೋದು ಅಂದ್ರೆ ಉಜ್ಜೋದೇ ಅಲ್ವಾ... ಉಜ್ಜಿದ ಮೇಲೆ ಗೀಟು ಎಲ್ಲಿ ಉಳಿಯುತ್ತೆ? ದಿನಾ ಉಜ್ಜೋಳು ನಾನು, ನನಗೇ ಹೊಳೀಲಿಲ್ವಲ್ಲ! ಅಯ್ಯೋ ದೇವರೇ...'

ಓಡಿದಳು. ಮನೆಯಿಂದ ಗಾಡಿ ತಳ್ಳಿಕೊಂಡು ಆ ಬೀದಿ ಮುಟ್ಟುವಾಗ ಮೂರು ಗಂಟೆ ದಾಟಿತ್ತು. ನೇರ ಲೇತಿನ ಅಂಗಡಿಗೆ ಹೋಗಬಹುದಿತ್ತು. ಹೋಗಲಿಲ್ಲ. ಏದುಸಿರು ಬಿಡುತ್ತ ಗ್ಯಾರೇಜಿನ ಮುಂದೆ ನಿಂತಳು.

"ನಿಮ್ಮ ಸಾಮಾನು ಅವರಿಗೇ ವಾಪಸ್ ಕೊಡಿ ಅಣ್ಣ. ಅವರು ಕಳ್ಳರಲ್ಲ. ಉಜ್ಜೋ ಜಾಗದಲ್ಲೇ ಗುರುತು ಹಾಕಿದ ದಡ್ಡಿ ನಾನು."

ಗ್ಯಾರೇಜಿನವನು ಕಿವಿಯ ಹಿಂದೆ ಕೈಯಿಟ್ಟ. "ಬಯ್ಯೋವಾಗ ಬೀದಿ ತುದೀವರೆಗೂ ಕೇಳಿಸ್ತಿತ್ತು. ಕ್ಷಮೆ ಮಾತ್ರ ಇಷ್ಟು ಮೆಲ್ಲಗಾ ತಾಯಿ?"

ಅವಳು ಕಣ್ಣು ಮುಚ್ಚಿಕೊಂಡು ಕೂಗಿದಳು. "ಕಳ್ಳ ಅವರಲ್ಲ! ತಪ್ಪು ನನ್ನದು!"

ಕಣ್ಣು ತೆರೆದಾಗ ಎದುರಿಗೆ ಅವನಿದ್ದ. ಅವನು ಗಾಡಿಯ ಪಕ್ಕ ಮಂಡಿಯೂರಿದ.

"ಸಂದಿ ಮುಚ್ಚೋ ಪ್ಯಾಕಿಂಗ್ ಕಾಗದ ಹಳೇದೇ ಹಾಕಿದೀರಾ? ಗಾಳಿ ಎಳೀತಿದೆ. ಅವತ್ತು ಹೊಸದು ಕತ್ತರಿಸಿಟ್ಟಿದ್ದೆ... ನೀವು ನಿಲ್ಲಲೇ ಇಲ್ಲ."

"ಎಷ್ಟೊತ್ತಾಗುತ್ತೆ?"

"ಮಾತಾಡದಿದ್ರೆ ಹತ್ತು ನಿಮಿಷ."

ಅವಳು ಉಸಿರೂ ಬಿಡಲಿಲ್ಲ!

ಇಬ್ಬರೂ ಕಚೇರಿಯ ಅಂಗಳ ಸೇರಿದಾಗ ನಾಲ್ಕಕ್ಕೆ ಮೂರು ನಿಮಿಷವಿತ್ತು. ಅಧಿಕಾರಿ ಕಡತ ಮಡಚುತ್ತಿದ್ದ.

"ಚಾಲೂ ಮಾಡಿ ನೋಡೋಣ."

ಒದ್ದಳು. ಇಲ್ಲ. ಇನ್ನೊಮ್ಮೆ... ಇಲ್ಲ. ಅಧಿಕಾರಿಯ ಪೆನ್ನು ಕಾಗದದ 'ರದ್ದು' ಎಂಬ ಜಾಗದತ್ತ ಸರಿಯಿತು.

"ಹೆದರಿ ಒದೀಬೇಡಿ," ಎಂದ ಅವನು ಹತ್ತಿರ ಬಂದು. "ನಿಮ್ಮಮ್ಮಂಗೆ ಹೆರಿಗೆ ಕರೆ ಬಂದಿದೆ ಅಂದ್ಕೊಂಡು ಒದೀರಿ."

ಅವಳು ಒದ್ದಳು.

ಡುಗ್... ಡುಗ್ ಡುಗ್ ಡುಗ್!

ಮುದ್ರೆ ಬಿತ್ತು. ಗೇಟಿನ ಹೊರಗೆ ಬಂದ ಮೇಲೂ ಅವಳಿಗೆ ಇಂಜಿನ್ ಆರಿಸುವ ಧೈರ್ಯ ಬರಲಿಲ್ಲ.

"ನನ್ನಿಂದ ನಿಮ್ಮ ಗಿರಾಕಿಗಳು ಹೋದ್ರು ಅಲ್ವಾ?"

"ಒಬ್ಬಿಬ್ಬರು. ಬರ್ತಾರೆ ಬಿಡಿ. ಆದ್ರೆ ಎರಡು ದಿನ ನಾನೇ ಲೇತ್ ಮುಟ್ಟಲಿಲ್ಲ."

"ಯಾಕೆ?"

ಅವನು ರಸ್ತೆಯ ಕಡೆ ನೋಡಿದ. "ಕೈ ನಡುಗ್ತಿತ್ತು. ಬೇರೆ ಯಾರಾದ್ರೂ ಕಳ್ಳ ಅಂದಿದ್ರೆ ನಕ್ಕು ಬಿಡ್ತಿದ್ದೆ. ನೀವು ಅಂದ್ರಲ್ಲ... ತಡೆಯೋಕಾಗಲಿಲ್ಲ."

ಅವಳ ಕಣ್ಣು ತುಂಬಿ ಬಂತು. "ನನಗೂ ಅಷ್ಟೇ. ಕಾರ್ಬುರೇಟರ್ ಹೋಯ್ತು ಅಂತಲ್ಲ ನಾನು ಅಷ್ಟು ಕೂಗಾಡಿದ್ದು. ಮನಸ್ಸಿಗೆ ಹಿಡಿಸಿದೋರು ಹೀಗೆ ಮಾಡಿಬಿಟ್ರಲ್ಲ ಅಂತ..."

ಹೇಳಿ ನಾಲಗೆ ಕಚ್ಚಿಕೊಂಡಳು. ಹೇಳಿಯಾಗಿತ್ತು!

ಅವನು ನಿಧಾನವಾಗಿ ಅವಳತ್ತ ತಿರುಗಿದ. "ಏನಂದ್ರಿ? ಇಂಜಿನ್ ಸದ್ದಿಗೆ ಕೇಳಿಸಲಿಲ್ಲ."

"ಕೇಳಿಸಿದೆ ನಿಮಗೆ!"

"ಕೇಳಿಸಿದೆ," ಎಂದು ಒಪ್ಪಿಕೊಂಡ. "ಇನ್ನೊಂದು ಸಲ ಕೇಳೋಣ ಅಂತ..."

ಅವಳು ಹ್ಯಾಂಡಲ್ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. "ಈಗ್ಲೂ ನಡುಗ್ತಿದೆಯಲ್ರೀ!"

"ಹೂಂ. ಈಗಿಂದು ಬೇರೆ ಕಾರಣಕ್ಕೆ."

"ರಿಪೇರಿ ಇದೆಯಾ?"

"ಬೇಡ," ಎಂದ ಅವನು ಮೆಲ್ಲಗೆ. "ಇದು ಹೀಗೇ ಇರಲಿ."