ಕೇತಕಿ ಹೊಡೆದುಹಾಕಿದ ಐದು ಸ್ವರ

ಬಹಳ ಹಿಂದೆ, ಹಾಡು ಕೇಳಿದರೆ ಬೆಟ್ಟಗಳೂ ತಲೆದೂಗುತ್ತಿದ್ದ ಕಾಲದಲ್ಲಿ, ನಾದಪುರಿ ಎಂಬ ರಾಜ್ಯವಿತ್ತು. ಅಲ್ಲಿ ತಿರುಮಲಯ್ಯನೆಂಬ ಗುರುವಿನ ಹತ್ತಿರ ಕೇತಕಿ, ಹೊನ್ನಿ ಎಂಬ ಇಬ್ಬರು ಹುಡುಗಿಯರು ಹಾಡು ಕಟ್ಟುವುದನ್ನು ಕಲಿಯುತ್ತಿದ್ದರು. ಕೇತಕಿ ಮೂರು ಹಾಡು ಕಟ್ಟಿದ್ದಳು. ನಿನ್ನೆ ಮೊನ್ನೆ ಬಂದ ಹೊನ್ನಿ ಕಟ್ಟಿದ್ದು ಐದೇ ಐದು ಸ್ವರ. ಆದರೂ ಗುರುಗಳು ಊಟಕ್ಕೆ ಕೂತರೂ ಆ ಐದು ಸ್ವರವನ್ನೇ ಗುನುಗುತ್ತಿದ್ದರು. ಕೇತಕಿಗೆ ಹೊಟ್ಟೆ ಉರಿಯಿತು.

"ಮೂರು ಹಾಡನ್ನೂ ಒಂದೇ ಸರವಾಗಿ ಪೋಣಿಸಮ್ಮ," ಎಂದರು ಗುರುಗಳು. ಕೇತಕಿ ಓಲೆಗರಿ ತೆಗೆದು ಪೋಣಿಸಿ ಬರೆದು ನೋಡಿದರೆ, ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಹೊನ್ನಿಯ ಸ್ವರಗಳೇ ನುಸುಳಿ ಕೂತಿದ್ದವು! ತಾನೇ ಬರೆದದ್ದು, ತನಗೇ ಗೊತ್ತಿಲ್ಲ. ಸಿಟ್ಟಿನಿಂದ ಎರಡೂ ಕಡೆ ಹೊಡೆದುಹಾಕಿದಳು.

ಹೀಗಿರುವಾಗ, ಹಾಡು ಕೇಳಿದರೆ ಮೈಯೆಲ್ಲ ತುರಿಸುವ ಮಾಂತ್ರಿಕನೊಬ್ಬ ಗುರುಗಳನ್ನು ಹೊತ್ತೊಯ್ದು ಕೋಟೆಯಲ್ಲಿ ಕೂಡಿಹಾಕಿದ. ಕೋಟೆಗೆ ಮೂರು ಬಾಗಿಲು; ಹಾವು, ಹುಲಿ, ಹದ್ದು ಕಾವಲು. ಬಾಗಿಲಿಗೊಂದು ಹಾಡು ಹಾಡಬೇಕು, ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ದನಿ ಕಡಿಯಬಾರದು. ಕಡಿದರೆ ಹಾಡಿದವರು ಕಲ್ಲಾಗುತ್ತಾರೆ.

ಕೇತಕಿ ಹೊರಟಳು. ತಾಳ ಹಿಡಿದು ಹೊನ್ನಿಯೂ ಬೆನ್ನು ಹತ್ತಿದಳು.

"ನೀನ್ಯಾಕೆ?"

"ತಾಳ ಹಾಕೋಕೆ ಅಕ್ಕಾ."

ಮೊದಲ ಹಾಡಿಗೆ ಹಾವು ಮಲಗಿತು, ಬಾಗಿಲು ತೆರೆಯಿತು. ಮುಂದೆ? ಹೊಡೆದುಹಾಕಿದ ಜಾಗ ಖಾಲಿ. ಕೇತಕಿಯ ಕಾಲ್ಬೆರಳು ಕಲ್ಲಾದವು. ಬಾಯಿಗೆ ಬರುತ್ತಿದ್ದುದು ಆ ಐದು ಸ್ವರ ಮಾತ್ರ. ಹಲ್ಲು ಕಚ್ಚಿ ತಡೆದಳು; ಕಲ್ಲು ಮೊಣಕಾಲಿಗೇರಿತು. ಕೊನೆಗೆ ಹಾಡಿಯೇಬಿಟ್ಟಳು, ಕಲ್ಲು ಕರಗಿತು. ಎರಡನೆಯ ಹಾಡಿಗೆ ಹುಲಿ ಮಲಗಿತು. ಮತ್ತೆ ಅದೇ ಖಾಲಿ ಜಾಗ, ಅದೇ ಉರಿ, ಅದೇ ಐದು ಸ್ವರ.

ಮೂರನೆಯ ಹಾಡು ಮುಗಿದರೂ ಹದ್ದು ಮಲಗಲಿಲ್ಲ. "ಅಂಕಿತ ಎಲ್ಲಿ? ಕಟ್ಟಿದವರ ಹೆಸರು ಹಾಡದೆ ಹಾಡು ಮುಗಿಯುತ್ತದೆಯೇ?" ಎಂದಿತು.

"ಕೇತಕಿ," ಎಂದು ಹಾಡಿದಳು.

"ಸುಳ್ಳು!" ಕಲ್ಲು ಕೊರಳಿನವರೆಗೆ ಬಂತು.

ಹೊನ್ನಿ ಅಳುತ್ತಾ ಕೂಗಿದಳು: "ಹಾಡೆಲ್ಲಾ ಅಕ್ಕಂದೇ! ನಂದೇನೂ ಇಲ್ಲ, ಬಿಟ್ಬಿಡು ಅವಳನ್ನ!"

ಹುಡುಗಿ ಇಷ್ಟು ಒಳ್ಳೆಯವಳಾಗಿರುವುದಕ್ಕೂ ಕೇತಕಿಗೆ ಹೊಟ್ಟೆ ಉರಿಯಿತು. ಆದರೆ ಒಳಗೆ ಗುರುಗಳಿದ್ದರು. ಉಳಿದಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಹಾಡಿದಳು: "ಹೊನ್ನಿ... ಕೇತಕಿ..."

ಹದ್ದು ರೆಕ್ಕೆ ಮಡಚಿ ಮಲಗಿತು. ಕಲ್ಲು ಉದುರಿತು, ಬಾಗಿಲು ತೆರೆಯಿತು, ಮಾಂತ್ರಿಕ ಬೂದಿಯಾಗಿ ಹಾರಿಹೋದ. ಗುರುಗಳು ಹೊರಗೆ ಬಂದು ಇಬ್ಬರ ತಲೆಯನ್ನೂ ಸವರಿದರು.

ಆಮೇಲೆ ನಾದಪುರಿಯ ಜನ ಆ ಹಾಡು ಹಾಡಿಕೊಂಡು ಸುಖವಾಗಿದ್ದರು. ಅಂಕಿತದಲ್ಲಿ ಹೊನ್ನಿಯ ಹೆಸರೇ ಮೊದಲು ಬಂತಲ್ಲ ಎಂದು ಕೇತಕಿಗೆ ಆಗಾಗ ಚುರುಕ್ಕೆನ್ನುತ್ತಿತ್ತಂತೆ. ಆದರೂ ಅವಳು ಅದನ್ನು ತಿದ್ದಲಿಲ್ಲ.