ತಣಿಯದ ಅಚ್ಚು

ಗಲ್ಫಿನ ವಾದಿ ಅದಾಯ್‌ನ ನಮ್ಮ ವರ್ಕ್‌ಶಾಪಿಗೆ, ಸೂರ್ ಪಟ್ಟಣದ ವೃತ್ತದಲ್ಲಿ ನಿಲ್ಲಿಸಲು ತೆರೆದ ಅಂಗೈಯ ಶಿಲ್ಪ ಮಾಡುವ ಕೆಲಸ ಬಂದಿತ್ತು. ಅಚ್ಚಿಗಾಗಿ ಕೆಲಸಗಾರ ದೇಜಪ್ಪನ ಕೈಯನ್ನು ಹಸಿ ಪ್ಲಾಸ್ಟರಿನಲ್ಲಿ ಅದ್ದಿಸಿದೆ. ಗಟ್ಟಿಯಾಗುವಾಗ ಪ್ಲಾಸ್ಟರ್ ಕಾದು ಸುಡುತ್ತದೆ. ನನಗದು ಗೊತ್ತಿತ್ತು.

“ಸುಡ್ತಾ ಉಂಟು ಸರ್, ತೆಗೀತೇನೆ,” ಎಂದ.

“ಸುಮ್ಮನಿರು ಮಾರಾಯ, ಅಲ್ಲಾಡಿದ್ರೆ ಅಚ್ಚು ಹಾಳಾಗ್ತದೆ,” ಎಂದು ಅವನ ಭುಜ ಅದುಮಿ ಹಿಡಿದೆ.

ಅಚ್ಚು ಚೆನ್ನಾಗಿ ಬಂತು. ಚರ್ಮವೂ ಜೊತೆಗೇ ಬಂತು. ಕೈ ಕೊಳೆತು, ಊರಿಗೆ ಹೋದ ತಿಂಗಳಲ್ಲೇ ದೇಜಪ್ಪ ತೀರಿಕೊಂಡ.

ಪ್ಲಾಸ್ಟರ್ ಕೆಲವು ಗಂಟೆಗಳಲ್ಲಿ ತಣಿಯಬೇಕು. ಆ ಅಚ್ಚು ಎರಡು ವರ್ಷವಾದರೂ ತಣಿದಿಲ್ಲ. ಎಸಿ ಕೋಣೆಯಲ್ಲಿಟ್ಟರೂ ಮುಟ್ಟಿದರೆ ಚುರ್ ಎನ್ನುತ್ತದೆ.

ಮೊದಮೊದಲು ಯಾರೂ ಅದರ ಹತ್ತಿರ ಹೋಗುತ್ತಿರಲಿಲ್ಲ. ಈಗ ಮಧ್ಯಾಹ್ನ ಎಲ್ಲರೂ ಬುತ್ತಿಯನ್ನು ಅದರ ಮೇಲಿಟ್ಟು ಬಿಸಿ ಮಾಡಿಕೊಳ್ಳುತ್ತಾರೆ. ನಿನ್ನೆ ನನ್ನ ಬಂಗುಡೆ ಸಾರೂ ಅಲ್ಲೇ ಕುದಿಯಿತು.